ಚಿಕ್ಕಜಾಲದ ಠಾಣೆ, ದೊಡ್ಡ ಹೊರೆ

ಬೆಂಗಳೂರಿನಿಂದ ಬಳ್ಳಾರಿಯ ಹೆದ್ದಾರಿಯನ್ನು ಹಿಡಿದು ಉತ್ತರಕ್ಕೆ ಹೊರಟವರಿಗೆ ಯಲಹಂಕವನ್ನು ದಾಟಿದ ಬಳಿಕ ಚಿಕ್ಕಜಾಲವು ಸಿಗುವದು. ಹಳೆಯ ಕಲ್ಲುಕೋಟೆಯೊಂದರ ಅವಶೇಷವು ಇಂದಿಗೂ ಅಲ್ಲಿ ದಾರಿಯ ಮಗ್ಗುಲಿಗೆ ನಿಂತಿದೆ. ರಾಗಿಯ ಹೊಲ, ದ್ರಾಕ್ಷಿಯ ತೋಟಗಳ ಈ ಸೀಮೆಯ ಸ್ವರೂಪವು 2008ನೆಯ ಇಸವಿಯ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದಂದಿನಿಂದ ಪೂರಾ ಬದಲಾಯಿತು. 2024ನೆಯ ಒಂದೇ ವರ್ಷದಲ್ಲಿ 4 ಕೋಟಿಗೂ ಮಿಕ್ಕಿ ಪ್ರಯಾಣಿಕರು ಆ ನಿಲ್ದಾಣದಿಂದ ಹಾದುಹೋದರು. ನಗರದಿಂದ ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರ ದಾರಿ ಚಿಕ್ಕಜಾಲದ ಎದುರಿನದೇ.

ಪೋಲೀಸರ ಬಲವನ್ನು ಲೆಕ್ಕ ಹಾಕುವಾಗ ನಮ್ಮಲ್ಲಿ ರೂಢಿಯಾದ ಮಾತೆಂದರೆ, ಲಕ್ಷ ಜನಕ್ಕೆ ಇಷ್ಟು ಮಂದಿ ಎಂಬುದು. ಈ ಅಳತೆಗೋಲು ಜನರು ಮಲಗುವ ಸ್ಥಳವನ್ನು ಎಣಿಸುವದಲ್ಲದೆ ಓಡಾಡುವ ಸ್ಥಳವನ್ನು ಎಣಿಸುವದಿಲ್ಲ. ನಡುರಾತ್ರಿಯಲ್ಲಿ ಹೆದ್ದಾರಿಯ ಮೇಲೆ ಕಾರು ಮಗುಚಿದರೆ, ಅದರಲ್ಲಿದ್ದವನು ಆ ಊರಿನ ಜನಗಣತಿಗೆ ಸೇರಿದವನಲ್ಲ; ಆದರೆ ಅವನನ್ನು ಆಸ್ಪತ್ರೆಗೆ ಸಾಗಿಸಿ, ಮಹಜರು ಬರೆದು, ಮನೆಯವರಿಗೆ ಸುದ್ದಿ ಮುಟ್ಟಿಸುವ ಭಾರವು ಅಲ್ಲಿಯ ಪೋಲೀಸರದೇ. ಗಣ್ಯರು ಬಂದಿಳಿದಾಗಲೆಲ್ಲ ದಾರಿಯುದ್ದಕ್ಕೂ ಬಂದೋಬಸ್ತು. ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ವಿಮಾನಪ್ರದರ್ಶನ. 2019ರ ಫೆಬ್ರುವರಿಯಲ್ಲಿ ಅಲ್ಲಿಯ ವಾಹನ ನಿಲ್ಲಿಸುವ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದುದನ್ನು ವಾಚಕರು ಮರೆತಿರಲಾರರು. ಇಂಥ ಕೆಲಸವು ಯಾವ ಜನಗಣತಿಯಲ್ಲಿ ಅಡಕವಾಗಿದೆ?

ಕೇಂದ್ರ ಸರಕಾರದ ಪೋಲೀಸ ಸಂಶೋಧನಾ ಸಂಸ್ಥೆಗಾಗಿ 2014ರಲ್ಲಿ ನಡೆದ ಅಧ್ಯಯನವು ದೇಶದ ಠಾಣೆಗಳ ಸ್ಥಿತಿಯನ್ನು ಬಯಲಿಗೆ ತಂದಿತು. ಸಿಬ್ಬಂದಿಯಲ್ಲಿ 100ಕ್ಕೆ ಸುಮಾರು 90 ಮಂದಿ ದಿನಕ್ಕೆ 8 ತಾಸಿಗಿಂತ ಹೆಚ್ಚು ದುಡಿಯುವರು; ಠಾಣಾಧಿಕಾರಿಗಳಲ್ಲಿ 100ಕ್ಕೆ 68 ಮಂದಿಯ ಹೇಳಿಕೆಯಂತೆ ಅವರ ಸಿಬ್ಬಂದಿಯ ದುಡಿಮೆ 11 ತಾಸು ಅಥವಾ ಅದಕ್ಕೂ ಮೇಲೆ. ನಮ್ಮ ನಾಡಿನ ಪೇದೆಗಳ ಸಹನೆಯು 2016ರಲ್ಲಿ ಮುಗಿದುಹೋಯಿತು. ಆ ವರ್ಷ ಜೂನ್ 4ರಂದು ಸಾಮೂಹಿಕ ರಜೆ ಹಾಕುವೆವೆಂದು ಅವರು ಸಾರಿದಾಗ ಸರಕಾರವು ಬೆಚ್ಚಿಬಿದ್ದಿತು. ಬಳಿಕ ಔರಾದಕರ ಸಮಿತಿಯು ವರದಿ ಕೊಟ್ಟಿತು, 2019ರಲ್ಲಿ ವೇತನವೂ ಕೊಂಚ ಏರಿತು. ಒಳ್ಳೆಯದೇ. ಆದರೆ ವೇತನ ಏರಿದ ಮಾತ್ರಕ್ಕೆ ದುಡಿಮೆಯ ತಾಸುಗಳು ಇಳಿಯುವವೇ?

ಇಳಿಯುವದಿರಲಿ, ಕೆಲಸವು ಮತ್ತೂ ಬೆಳೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಮೇರೆಗೆ ಶೋಧ, ಜಪ್ತಿಗಳನ್ನು ಚಿತ್ರೀಕರಿಸಬೇಕು. ತನಿಖೆ ಎಲ್ಲಿಗೆ ಬಂದಿತೆಂಬುದನ್ನು 90 ದಿನಗಳೊಳಗೆ ದೂರುದಾರನಿಗೆ ತಿಳಿಸಬೇಕು. ಅಪರಾಧವು ಎಲ್ಲಿಯೇ ನಡೆದಿರಲಿ, ದೂರು ಬಂದ ಠಾಣೆಯು ಅದನ್ನು ದಾಖಲಿಸಬೇಕು. ಈ ಕಟ್ಟಳೆಗಳನ್ನು ನಾವು ಮನಸಾರೆ ಸ್ವಾಗತಿಸುವೆವು. ಹತ್ತು ಕಡೆಯ ಜನ ಹಾಯುವ ದಾರಿಯ ಮೇಲಿನ ಠಾಣೆಗೆ ಕೊನೆಯದು ಎಷ್ಟು ಭಾರವೆಂಬುದನ್ನು ಮಾತ್ರ ಕಟ್ಟಳೆ ಬರೆದವರು ಎಣಿಸಿದಂತೆ ತೋರುವದಿಲ್ಲ.

ದಣಿದ ಪೇದೆಯ ಸಿಟ್ಟು ಮಂತ್ರಿಗಳ ಮೇಲೆ ಬೀಳುವದಿಲ್ಲ. ಅದು ಬೀಳುವದು ಸಂಜೆ ದೂರು ಹೇಳಲು ಬಂದ ಗಾರೆಕೆಲಸದ ಹೆಂಗಸಿನ ಮೇಲೆ, ಹೊಲ ಮಾರಿ ಮೋಸಹೋದ ಮುದುಕನ ಮೇಲೆ. "ನಾಳೆ ಬಾ" ಎಂಬ ಒಂದು ಮಾತಿನಿಂದ ಅವರ ಪಾಲಿಗೆ ಸರಕಾರವೇ ಮುಚ್ಚಿಹೋದಂತಾಗುವದು.

ಬೊಕ್ಕಸದಲ್ಲಿ ಹಣವಿಲ್ಲವೆಂಬ ಉತ್ತರವು ಸಿದ್ಧವಾಗಿಯೇ ಇರುವದು. ಆದರೆ ಇದೇ ಸೀಮೆಯ ಹೊಲಗಳು ಬಡಾವಣೆಗಳಾದಾಗ ಬಂದ ನೋಂದಣಿ ಶುಲ್ಕವು ಯಾವ ಬೊಕ್ಕಸಕ್ಕೆ ಸೇರಿತು? ಮೂರು ಪಾಳಿ ಮಾಡಲು ಮೂರು ಪಟ್ಟು ಜನ ಬೇಕೆಂಬುದೂ ಬರಿಯ ಭಯ. ಮಂಜೂರಾದ ಬಲದ ಸುಮಾರು 1.68 ಪಟ್ಟು ಸಾಕೆಂದು ಮೇಲೆ ಹೇಳಿದ ಅಧ್ಯಯನವೇ ಲೆಕ್ಕ ತೋರಿಸಿದೆ. ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಂದ ಮೊದಲುಗೊಂಡು ತನಿಖೆಯ ಕೆಲಸವನ್ನು ಬಂದೋಬಸ್ತಿನ ಕೆಲಸದಿಂದ ಬೇರ್ಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರದಲ್ಲಿಯೇ ಆಜ್ಞಾಪಿಸಿತು. ಬೆಂಗಳೂರು ಆ ಮಿತಿಯನ್ನು ಎಂದೋ ದಾಟಿದೆ.

ಆದುದರಿಂದ ಗೃಹಖಾತೆಯವರು ಚಿಕ್ಕಜಾಲದ ಸಿಬ್ಬಂದಿಯನ್ನು ಹೆದ್ದಾರಿಯ ವಾಹನಗಳು, ಅಪಘಾತಗಳು, 112ಕ್ಕೆ ಬರುವ ಕರೆಗಳು ಇವುಗಳ ಲೆಕ್ಕದಿಂದ ಗೊತ್ತುಪಡಿಸಲಿ. ಅನ್ಯ ಕೆಲಸಕ್ಕೆ ಕಳುಹಿದವರನ್ನು ಠಾಣೆಯ ಪಟ್ಟಿಯಲ್ಲಿ ಹಾಜರೆಂದು ತೋರಿಸುವದನ್ನು ಎಲ್ಲಿಯೂ ಸಹಿಸಕೂಡದು. ಮುಂದಿನ ಆಯವ್ಯಯದಲ್ಲಿ ಇದಕ್ಕೆ ಎಷ್ಟು ಹಣ ತೆಗೆದಿರಿಸುವರೆಂಬುದನ್ನು ಆ ಭಾಗದ ಶಾಸಕರು ವಿಧಾನಸಭೆಯಲ್ಲಿ ಎದ್ದುನಿಂತು ಕೇಳತಕ್ಕದ್ದು.