ಹಣವೊಂದು, ಚೀಟಿ ಹಲವು

ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಕಾಗವಾಡ ತಾಲ್ಲೂಕಿನ ಉಗಾರದ ಸಕ್ಕರೆ—ಇವುಗಳ ಹೆಸರನ್ನು ಕೇಳದವರು ವಿರಳ. ಚಿಕ್ಕೋಡಿ, ರಾಯಬಾಗಗಳಲ್ಲಿಯೂ ಕಬ್ಬಿನದೇ ದರ್ಬಾರು. ಕಬ್ಬು ಬೆಳೆದವನ ಹಟ್ಟಿಯಲ್ಲಿ ಎಮ್ಮೆಯೂ ಇರುವುದು ಸಹಜ. ಹೀಗೆ ಒಂದೇ ಮನೆತನಕ್ಕೆ ಹಣ ಬರುವ ದಾರಿಗಳು ಹಲವು. ಬ್ಯಾಂಕಿನ ಖಾತೆ ಮಾತ್ರ ಒಂದು.

ಅಂಥ ಮನೆಯ ಕಲಿತ ಮಗನೊಬ್ಬನು ಲೆಕ್ಕವನ್ನೆಲ್ಲ ಗಣಕಯಂತ್ರಕ್ಕೇರಿಸಲು ಕುಳಿತನೆನ್ನಿ. ಪೇಚಾಟ ಅಲ್ಲಿಂದಲೇ ಮೊದಲು. ಕಬ್ಬಿಗೆ ಟನ್ನಿನ ತೂಕ. ಹಾಲಿಗೆ ಲೀಟರು ಮತ್ತು ಕೊಬ್ಬಿನಂಶ. ತಂಬಾಕಿಗೆ ಎಲೆಯ ದರ್ಜೆ. ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ತುರುಕಿದರೆ ಅರ್ಧ ಮನೆಗಳು ಬರಿದಾಗಿಯೇ ಉಳಿಯುವುವು. ಸರಕಿಗೊಂದು ಪಾವತಿ ಪುಸ್ತಕವಿಟ್ಟರೆ ವರ್ಷದ ಒಟ್ಟು ಗಳಿಕೆ ತಿಳಿಯಲು ಎಲ್ಲವನ್ನೂ ತಿರುವಿಹಾಕಬೇಕು. ಪಾವತಿಯ ಮುಂದೆ ‘ಕಬ್ಬು, 412’ ಎಂದು ಬರೆದಿಡುವ ಉಪಾಯವೂ ಉಂಟು. ನೋಡಲು ಸುಲಭ, ಆದರೆ ನೋಡಬೇಕಾದ ಪುಸ್ತಕ ಸಾಲಿನಿಂದ ಸಾಲಿಗೆ ಬದಲಾಗುವುದರಿಂದ, ಆ ಸಂಖ್ಯೆಯ ಚೀಟಿ ನಿಜವಾಗಿಯೂ ಇದೆಯೇ ಎಂಬುದನ್ನು ಯಂತ್ರ ತಾನಾಗಿ ಪರೀಕ್ಷಿಸಲಾರದು.

ದತ್ತಾಂಶವನ್ನು ಕೋಷ್ಟಕಗಳಲ್ಲಿಟ್ಟು ಗುರುತಿನ ಸಂಖ್ಯೆಗಳಿಂದ ಬೆಸೆಯುವ ಕ್ರಮವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದರು. ಕಿರ್ದಿ ಬರೆದು ಪಳಗಿದ ನಮ್ಮ ಗುಮಾಸ್ತರಿಗೆ ಇದರ ಸುಳಿವು ಮೊದಲೇ ಇದ್ದಿತೇನೋ! ಈ ಕ್ರಮದಲ್ಲಿ ಮೊದಲು ‘ಸರಕಿನ ಚೀಟಿ’ ಎಂಬ ಸಾಮಾನ್ಯ ಕೋಷ್ಟಕ: ಸಂಖ್ಯೆ, ಕೊಂಡವರು, ದಿನಾಂಕ, ಸಲ್ಲಬೇಕಾದ ಮೊತ್ತ. ಅದರ ಕೆಳಗೆ ಕಬ್ಬು, ಹಾಲು, ತಂಬಾಕುಗಳಿಗೆ ಅದೇ ಸಂಖ್ಯೆಯನ್ನು ಹೊತ್ತ ಬೇರೆ ಬೇರೆ ಕೋಷ್ಟಕಗಳು. ಪಾವತಿಯ ನಂಟು ಸಾಮಾನ್ಯ ಚೀಟಿಯೊಡನೆ ಮಾತ್ರ. ಒಂದೇ ಚೀಟಿಗೆ ಎರಡು ಕಂತು, ಒಂದೇ ಕಂತಿನಲ್ಲಿ ಹತ್ತು ಚೀಟಿ ಬರುವುದೂ ಉಂಟಷ್ಟೆ. ಆದ್ದರಿಂದ ನಡುವೆ ಮತ್ತೊಂದು ಕೋಷ್ಟಕ ಬೇಕು: ಯಾವ ಪಾವತಿಯಿಂದ ಯಾವ ಚೀಟಿಗೆ ಎಷ್ಟು.

ಇಷ್ಟೊಂದು ಶ್ರಮ ಏತಕ್ಕೆಂದು ಮನೆಯ ಹಿರಿಯರು ಕೇಳಿಯಾರು. ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಕೊಡಬೇಕೆಂದೂ 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿತು. ಗಡುವಿನ ಮೇಲೆ 30 ದಿನ ತಡವಾದ ಒಂದು ಲಕ್ಷ ರೂಪಾಯಿಗೆ ಬಡ್ಡಿಯೇ ಸುಮಾರು 1,230 ರೂಪಾಯಿ. ದಿನಗಳ ಎಣಿಕೆಯಾದರೋ ಕಬ್ಬು ಒಪ್ಪಿಸಿದ ಚೀಟಿಯ ದಿನಾಂಕದಿಂದ. ಬ್ಯಾಂಕಿಗೆ ಬಂದ ಹಣ ಯಾವ ಚೀಟಿಯದೆಂದು ಪುಸ್ತಕ ಹೇಳದಿದ್ದರೆ, ಬಡ್ಡಿ ಕೇಳಲು ಹೊರಟ ತಂದೆಯ ಕೈಯಲ್ಲಿ ಲೆಕ್ಕವೇ ಇರುವುದಿಲ್ಲ.