ರಾಯಚೂರಿನ ಬಿಸಿಲಲ್ಲಿ ಹೈಬ್ರಿಡ್ ಮೈಲೇಜು

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ತಯಾರಾಗುತ್ತಿರುವ ಹೈರೈಡರ್ ಹೈಬ್ರಿಡ್ ಕಾರು ಲೀಟರಿಗೆ 27.97 ಕಿ.ಮೀ. ಓಡುತ್ತದೆ ಎಂಬುದು ಪ್ರಯೋಗಾಲಯದ ಲೆಕ್ಕ. ಅಲ್ಲಿ ಏಸಿ ಬಂದ್. ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನಿಂದ ಮಾನ್ವಿಗೆ ಏಸಿ ಹಾಕದೆ ಹೊರಡುವವರು ಯಾರು?

ಬ್ರೇಕ್ ತುಳಿದಾಗ ಪೋಲಾಗುವ ಶಕ್ತಿಯನ್ನು ಹೈಬ್ರಿಡ್‌ನ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ತುಂಬುತ್ತದೆ. ನಿಧಾನಗತಿಯಲ್ಲಿ ಎಂಜಿನ್ ಆರುತ್ತದೆ. ಹಾಗಾಗಿ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಲಾಭ ಹೆಚ್ಚು, ಒಂದೇ ವೇಗದ ಹೆದ್ದಾರಿಯಲ್ಲಿ ಕಡಿಮೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿ ಇವೆರಡೂ ಅಲ್ಲ. ಹತ್ತಿ ಹೇರಿದ ಟ್ರ್ಯಾಕ್ಟರಿನ ಹಿಂದೆ ತೆವಳಬೇಕು, ಹಂಪ್ ಬಂದಲ್ಲೆಲ್ಲ ಬ್ರೇಕ್ ತುಳಿಯಬೇಕು, ಮತ್ತೆ ಓಡಿಸಬೇಕು. ಇಂಥ ದಾರಿಗೆ ಬ್ಯಾಟರಿ ಎಷ್ಟು ದೊಡ್ಡದಿರಬೇಕು? ದೊಡ್ಡದಾದರೆ ತೂಕ, ಬೆಲೆ ಏರುತ್ತವೆ. ಚಿಕ್ಕದಾದರೆ ಬೇಗ ತುಂಬಿ, ಮಿಕ್ಕ ಶಕ್ತಿ ಶಾಖವಾಗಿ ಹೋಗುತ್ತದೆ. ಮೇಲಾಗಿ, ಸುಡುಬಿಸಿಲಲ್ಲಿ ಬ್ಯಾಟರಿ ತಣಿಸುವುದಕ್ಕೂ ಶಕ್ತಿ ಬೇಕು.

ಹಾಗಾಗಿ, 40 ಡಿಗ್ರಿ ದಾಟಿದ ದಿನ, ಏಸಿ ಹಾಕಿ ಓಡಿಸಿದಾಗ ಸಿಗುವ ಮೈಲೇಜನ್ನೂ ಷೋರೂಂ ಫಲಕದಲ್ಲಿ ಬರೆಯುವುದನ್ನು ಕೇಂದ್ರ ಸಾರಿಗೆ ಸಚಿವಾಲಯ ಕಡ್ಡಾಯ ಮಾಡಬೇಕು.