ದೊಡ್ಡ ಹಾಲು, ದೊಡ್ಡ ವ್ಯಾಟು, ದೊಡ್ಡ ಸುಳ್ಳು

ಬೇಲೂರು ಸೀಮೆಯಲ್ಲಿ ಈಗ ಕಟ್ಟುತ್ತಿರುವ ಮನೆಗಳ ಹಾಲು (ಕುಡಿಯುವ ಹಾಲಲ್ಲ ಸ್ವಾಮೀ, ನಮ್ಮಜ್ಜಿ ಪಡಸಾಲೆ ಅಂತಿದ್ದರಲ್ಲ, ಅದು) ನೋಡಿದ್ದೀರಾ? ಕಾಫಿಗೆ ಒಳ್ಳೆ ರೇಟು ಸಿಕ್ಕ ವರ್ಷ ಕಟ್ಟಿಸಿದ್ದಾದರೆ ಒಳಗೇ ಒಂದು ಸಣ್ಣ ಮದುವೆ ಮಾಡಬಹುದು. ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹನ್ನೆರಡು ಅಡಿ ಎತ್ತರ. ನೆಲಕ್ಕೆ ಕನ್ನಡಿಯಂಥ ಟೈಲ್ಸು, ಗೋಡೆಗೆ ನುಣ್ಣಗೆ ಪುಟ್ಟಿ, ಒಂದು ಬದಿಗೆ ಪೂರ್ತಿ ಗಾಜು. ಟಿವಿ ಈ ಗೋಡೆಗೆ, ಸೋಫಾ ಆ ಗೋಡೆಗೆ. ನಡುವೆ ಮಕ್ಕಳು ಸೈಕಲ್ ಹೊಡೆಯುವಷ್ಟು ಜಾಗ.

ಆಮೇಲೆ ಫೋನ್ ಬರುತ್ತೆ. "ಹಾಲು ದೊಡ್ಡದು ಕಣಪ್ಪ, ಎಷ್ಟು ವ್ಯಾಟಿನ ಹೋಂ ಥಿಯೇಟರ್ ತಗೊಳ್ಳೋದು? ನಿನಗೆ ಇದೆಲ್ಲ ಗೊತ್ತಲ್ಲ."

ಈ ಪ್ರಶ್ನೆಯೇ ತಪ್ಪು ಅನ್ನುವುದು ನನ್ನ ಜಗಳ. ದೊಡ್ಡ ಕೋಣೆಗೆ ದೊಡ್ಡ ವ್ಯಾಟು, ಇನ್ನೂ ದೊಡ್ಡದಾದರೆ ಇನ್ನೂ ನಾಲ್ಕು ಸ್ಪೀಕರು ಅನ್ನುವ ಲೆಕ್ಕ ಅಂಗಡಿಯವರದ್ದು. ಇಂಗ್ಲಿಷ್ ಬ್ರೋಷರಿನ ಸಾಲುಗಳನ್ನು ಕನ್ನಡಕ್ಕೆ ಇಳಿಸಿ "ವಿಮರ್ಶೆ" ಅಂತ ಹಾಕುವ ನಮ್ಮ ಬ್ಲಾಗಿಗ ಮಿತ್ರರೂ ಅದನ್ನೇ ಹಾಡುತ್ತಾರೆ. ಅವರಲ್ಲಿ ಒಬ್ಬರಾದರೂ "ನಿಮ್ಮ ನೆಲ ಯಾವುದು, ಕಿಟಕಿಗೆ ಪರದೆ ಇದೆಯಾ?" ಅಂತ ಕೇಳಿದ್ದನ್ನು ನಾನು ಕಂಡಿಲ್ಲ.

ಮೊದಲು ವ್ಯಾಟಿನ ಸುಳ್ಳು ಮುಗಿಸಿಬಿಡೋಣ. ಡಬ್ಬದ ಮೇಲೆ "10,000 ವ್ಯಾಟ್ ಪಿಎಂಪಿಒ" ಅಂತ ಇರುತ್ತಲ್ಲ, ಆ ಪಿಎಂಪಿಒ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನಿಮ್ಮ ಗೋಡೆಯ ಸಣ್ಣ ಪ್ಲಗ್ಗು 6 ಆಂಪಿನದು, ಕರೆಂಟು 230 ವೋಲ್ಟು. ಗುಣಿಸಿದರೆ 1380 ವ್ಯಾಟು. ಅಷ್ಟೇ ಕೊಡಬಲ್ಲ ಪ್ಲಗ್ಗಿನಿಂದ ಹತ್ತು ಸಾವಿರ ವ್ಯಾಟು ಎಳೆಯುವ ಡಬ್ಬ ಇದೆ ಅಂದರೆ ಅದನ್ನು ಹಾಲಿನಲ್ಲಿ ಇಡಬಾರದು, ಯಗಚಿ ಅಣೆಕಟ್ಟಿನ ಹತ್ತಿರ ಇಟ್ಟು ವಿದ್ಯುತ್ ತಯಾರಿಸಬೇಕು :) ಡಬ್ಬ ತಿರುಗಿಸಿ ಹಿಂದಿನ ಚೀಟಿ ನೋಡಿ. ಎಷ್ಟು ವ್ಯಾಟು ತಿನ್ನುತ್ತದೆ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ತಿಂದದ್ದಕ್ಕಿಂತ ಹೆಚ್ಚನ್ನು ಅದು ಒಂದೇ ಸಮನೆ ಕೊಡಲಾರದು. ನಂಬುವುದಾದರೆ ಆರ್‌ಎಂಎಸ್ ಅಂತ ಬರೆದದ್ದನ್ನು ಮಾತ್ರ ನಂಬಿ, ಅದನ್ನೂ ಅರೆಮನಸ್ಸಿನಿಂದ. ಒಂದೇ ಚಾನೆಲ್ ಓಡಿಸಿ, ಹತ್ತು ಪರ್ಸೆಂಟ್ ಸದ್ದು ಕೆಟ್ಟರೂ ಪರವಾಗಿಲ್ಲ ಅಂತ ಅಳೆದು ಬರೆಯುವವರೂ ಇದ್ದಾರೆ.

ಅಸಲಿಗೆ ಎಷ್ಟು ಬೇಕು? ಸ್ಪೀಕರಿಗೆ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತೆ: ಒಂದು ವ್ಯಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು. 85 ಇರುವ ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟು ಕೊಟ್ಟು ಹತ್ತಡಿ ದೂರ ಕೂತರೆ 75ರ ಆಸುಪಾಸು ಸಿಗುತ್ತದೆ. ಎದುರಿಗೆ ಕೂತು ಮಾತಾಡುವವರ ದನಿ ಸುಮಾರು 60. ಅಂದರೆ ವಾರ್ತೆ, ಧಾರಾವಾಹಿಗೆ ಒಂದು ವ್ಯಾಟೇ ದಂಡಿ! ಸಿನಿಮಾದಲ್ಲಿ ಬಾಂಬು ಸಿಡಿಯುವ ಕ್ಷಣಕ್ಕೆ ನೂರು ಇರಲಿ. ಸದ್ದು 3 ಡೆಸಿಬೆಲ್ ಏರಲು ವ್ಯಾಟು ದುಪ್ಪಟ್ಟಾಗಬೇಕು. ಆದ್ದರಿಂದ 85ರ ಸ್ಪೀಕರ್ ಬಿಟ್ಟು 91ರದ್ದು ತಂದರೆ ನಾಲ್ಕು ಪಟ್ಟು ವ್ಯಾಟು ಉಳಿಯಿತು. ದೊಡ್ಡ ಹಾಲಿನವರು ಕೇಳಬೇಕಾದ ಅಂಕಿ ಇದು. ಅಂಗಡಿಯಲ್ಲಿ ಕೇಳಿ ನೋಡಿ, ಹುಡುಗ ಪಕ್ಕದವನ ಮುಖ ನೋಡುತ್ತಾನೆ.

ಆದರೆ ನನ್ನ ಸಿಟ್ಟು ವ್ಯಾಟಿನ ಮೇಲಲ್ಲ. ದೊಡ್ಡಮ್ಮನ ವಿಷಯಕ್ಕೆ.

ನಮ್ಮ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಅವರ ಮನೆಯ ಹಾಲು ಮೇಲೆ ಹೇಳಿದ ಅಳತೆಯದ್ದೇ. ಮಗ ಹಾಸನದ ಒಂದು ಅಂಗಡಿಯಿಂದ ಐದು ಸ್ಪೀಕರು, ಒಂದು ಸಬ್‌ವೂಫರಿನ ಸೆಟ್ಟು ತಂದು ಜೋಡಿಸಿದ. ಅಂದಿನಿಂದ ದೊಡ್ಡಮ್ಮನದ್ದು ಒಂದೇ ಮಾತು: "ಸದ್ದು ಬರ್ತದೆ ಕಣೋ, ಏನಂತಾರೋ ಒಂದೂ ತಿಳಿಯಲ್ಲ." ಮಗ ವಾಲ್ಯೂಮ್ ಏರಿಸಿದ. ತಿಳಿಯಲಿಲ್ಲ. ಇನ್ನೂ ಏರಿಸಿದ, ಶೋಕೇಸಿನ ಲೋಟಗಳು ನಡುಗಿದವು, ಆಗಲೂ ತಿಳಿಯಲಿಲ್ಲ. ಕೊನೆಗೆ ಮನೆಯವರೆಲ್ಲ ಸೇರಿ ಅಮ್ಮನಿಗೆ ಕಿವಿ ಮಂದವಾಗಿದೆ ಅಂತ ತೀರ್ಮಾನ ಕೊಟ್ಟರು. ಕಿವಿಗೆ ಹಾಕುವ ಮಿಷನ್ನಿನ ಮಾತೂ ಎದ್ದಿತು. ಅದೇ ದೊಡ್ಡಮ್ಮ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ, ಡಬ್ಬಗಳ ನಡುವೆ ಇಟ್ಟ ಹಳೇ ರೇಡಿಯೋದಲ್ಲಿ ಹಾಸನ ಆಕಾಶವಾಣಿಯ ಒಂದಕ್ಷರ ಬಿಡದೆ ಕೇಳುತ್ತಾರೆ! ಅಂಗೈಯಗಲದ ಸ್ಪೀಕರು ಅದಕ್ಕೆ. ಕೆಟ್ಟಿರುವುದು ಕಿವಿಯೋ ಹಾಲೋ, ನೀವೇ ಹೇಳಿ.

ಇದರ ಹಿಂದಿನ ಕತೆ ಹಳೆಯದು. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸದ ಕೋಣೆ ಕಟ್ಟಿದರು. ಮೇಷ್ಟರು ಮಾತಾಡಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಕೋಣೆಯೊಳಗೇ ಸುತ್ತುತ್ತಿತ್ತಂತೆ. ಸರಿಮಾಡು ಅಂತ ವ್ಯಾಲೇಸ್ ಸಬೈನ್ ಎಂಬ ಎಳೆಯ ಭೌತಶಾಸ್ತ್ರದ ಮೇಷ್ಟರಿಗೆ ಹೇಳಿದರು. ಪಾಪ ಆತ ರಾತ್ರಿ ಹೊತ್ತು, ಊರು ಮಲಗಿದ ಮೇಲೆ, ಒಂದು ಆರ್ಗನ್ ಕೊಳವೆ ಊದಿಸಿ ಗಡಿಯಾರ ಹಿಡಿದು ಕೂತ. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಹಾಕಿ, ತೆಗೆದು ಅಳೆದ. ಮೆತ್ತೆ ಹೆಚ್ಚಾದಷ್ಟೂ ಮಾರ್ದನಿ ಕಡಿಮೆ. ಅದರಿಂದ ಒಂದು ಸೂತ್ರ ಹುಟ್ಟಿತು, ಅದರ ಬಲದ ಮೇಲೆ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ತೆರೆಯಿತು. ಅಲ್ಲೆಲ್ಲೂ ವ್ಯಾಟಿನ ಮಾತಿಲ್ಲ, ಗಮನಿಸಿ. ಗೆದ್ದದ್ದು ಮೆತ್ತೆ.

ಸೂತ್ರ ಸುಲಭ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೈಯಿಂದ ಭಾಗಿಸಿದರೆ ಮಾರ್ದನಿ ಅಡಗಲು ಎಷ್ಟು ಸೆಕೆಂಡು ಅಂತ ಸಿಗುತ್ತೆ. ದೊಡ್ಡಮ್ಮನ ಹಾಲು ಮೀಟರಿನಲ್ಲಿ 9, 6, 3.6. ಘನ 194. ಗೋಡೆ, ನೆಲ, ಸೂರು ಸೇರಿ 216 ಚದರ ಮೀಟರ್. ಟೈಲ್ಸು, ಗಾರೆ ಮೂರು ಪರ್ಸೆಂಟು ಹೀರಿದರೆ ಹೆಚ್ಚು. ಭಾಗಿಸಿ: ಖಾಲಿ ಹಾಲಿಗೆ ಹತ್ತಿರ ಹತ್ತಿರ 5 ಸೆಕೆಂಡು! ಸೋಫಾ, ನಾಲ್ಕು ಜನ ಸೇರಿದರೂ ಎರಡೂವರೆಗಿಂತ ಇಳಿಯದು. ಮಾತು ಕೇಳುವ ಕೋಣೆಗೆ ಅರ್ಧದಿಂದ ಒಂದು ಸೆಕೆಂಡಿನೊಳಗೆ ಇರಬೇಕು.

ಎರಡೂವರೆ ಸೆಕೆಂಡು ಅಂದರೆ ಏನು? ವಾರ್ತೆ ಓದುವವಳು ಸೆಕೆಂಡಿಗೆ ಐದು ಅಕ್ಷರ ಓದುತ್ತಾಳೆ ಅಂದುಕೊಳ್ಳಿ. ಈಗ ಹೇಳುತ್ತಿರುವ ಅಕ್ಷರದ ಮೇಲೆ ಹಿಂದಿನ ಹತ್ತು ಹನ್ನೆರಡು ಅಕ್ಷರಗಳ ಬಾಲ ಬಿದ್ದಿರುತ್ತದೆ. ನಮ್ಮ ಕನ್ನಡಕ್ಕೆ ಇದು ಎರಡು ಪಟ್ಟು ಹೊಡೆತ. ನಮ್ಮಲ್ಲಿ ವಾಕ್ಯದ ಜೀವ ಇರುವುದು ಕೊನೆಯಲ್ಲಿ. ಬರುತ್ತಾರೋ ಬರುವುದಿಲ್ಲವೋ, ಗೆದ್ದರೋ ಸೋತರೋ, ಸತ್ತದ್ದು ಗಂಡೋ ಹೆಣ್ಣೋ, ಎಲ್ಲ ಆ ಕೊನೆಯ ಪ್ರತ್ಯಯದಲ್ಲಿ. ಅದು ದನಿ ಇಳಿಸಿ ಹೇಳುವ ಜಾಗ. ಹಿಂದಿನ ಜೋರು ಅಕ್ಷರಗಳ ಗುಂಯ್‌ಗುಡುವಿಕೆ ಸರಿಯಾಗಿ ಅದನ್ನೇ ನುಂಗುತ್ತದೆ. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆಗೆ ಮಾರ್ದನಿಯೂ ಅಷ್ಟೇ ಏರುತ್ತದೆ, ಅನುಪಾತ ಒಂದಿಷ್ಟೂ ಬದಲಾಗದು. ಕಿವಿಯ ಮಿಷನ್ನು ಹಾಕಿಸಿದರೂ ಅದು ಮಾರ್ದನಿಯನ್ನೂ ಸೇರಿಸಿಯೇ ದೊಡ್ಡದು ಮಾಡುತ್ತೆ. ಇಂಥ ಹಾಲಿನಲ್ಲಿ ಸ್ಪೀಕರಿನಿಂದ ಎರಡು ಮೂರಡಿ ದಾಟಿದರೆ ನಿಮಗೆ ಕೇಳುವುದರಲ್ಲಿ ಸ್ಪೀಕರಿಗಿಂತ ಗೋಡೆಯ ಪಾಲೇ ಜಾಸ್ತಿ. ಹಾಗಿರುವಾಗ ಲಕ್ಷ ಕೊಟ್ಟು ಯಾವ ಸ್ಪೀಕರ್ ತಂದರೇನು? ಕೇಳುತ್ತಿರುವುದು ಪುಟ್ಟಿ ಹಚ್ಚಿದ ಗೋಡೆಯನ್ನು!

"ಹಾಗಾದರೆ ಹಳೇ ತೊಟ್ಟಿಮನೆಯೂ ದೊಡ್ಡದೇ ಇತ್ತಲ್ಲ, ಅಲ್ಲಿ ಯಾಕೆ ಎಕೋ ಹೊಡೀತಿರಲಿಲ್ಲ?" ಒಳ್ಳೆ ಪ್ರಶ್ನೆ. ಸಬೈನ್ ತನ್ನ ಅಳತೆಗೆ ಮಾನವಾಗಿ ಇಟ್ಟುಕೊಂಡದ್ದು ತೆರೆದ ಕಿಟಕಿಯನ್ನು. ಹೊರಗೆ ಹೋದ ಸದ್ದು ಮರಳುವುದಿಲ್ಲ, ಪೂರ್ತಿ ಹೀರಿದ ಲೆಕ್ಕ. ಎರಡು ಮೀಟರ್ ಉದ್ದಗಲದ ತೆರೆದ ತೊಟ್ಟಿ 130 ಚದರ ಮೀಟರ್ ಗಾರೆ ಗೋಡೆಗೆ ಸಮ. ಅಜ್ಜಂದಿರಿಗೆ ಸಬೈನ್ ಗೊತ್ತಿರಲಿಲ್ಲ, ಮಳೆಗಾಲದಲ್ಲಿ ತೊಟ್ಟಿಯಿಂದ ಎರಚಲು ಬರುತ್ತೆ ಅಂತ ಗೊಣಗಿಕೊಂಡೇ ಇದ್ದರು, ಆದರೆ ಮಾತು ಕೇಳುತ್ತಿತ್ತು. ಈಗ ತೊಟ್ಟಿಗೆ ಗಾಜು ಮುಚ್ಚಿದ್ದೇವೆ. ಸದ್ದಿಗೆ ಹೋಗಲು ದಾರಿಯಿಲ್ಲ.

ಬೇಲೂರಿನವರಿಗೆ ಇದನ್ನು ಹೇಳಿಕೊಡಬೇಕಾದ್ದೇ ಇಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗದಲ್ಲಿ ನಿಂತು ಕೇಳಿ. ಕಡೆದು ನುಣುಪು ಮಾಡಿದ ಬಳಪದ ಕಲ್ಲಿನ ಕಂಬಗಳ ನಡುವೆ ಎಳೆದು ಹೇಳುವ ಮಂತ್ರ ತುಂಬಿ ನಿಲ್ಲುತ್ತದೆ, ಸೊಗಸು. ಅದೇ ಜಾಗದಲ್ಲಿ ಗೈಡು ಗಡಿಬಿಡಿಯಲ್ಲಿ ಮಾತಾಡಿದರೆ ಹಿಂದಿನ ಸಾಲಿನವರು "ಏನಂತೆ, ಏನಂತೆ?" ಅಂತಾರೆ. ಕಲ್ಲಿನ ಕೋಣೆ ಮಂತ್ರಕ್ಕೆ ಒಗ್ಗುತ್ತೆ, ವಾರ್ತೆಗೆ ಒಗ್ಗಲ್ಲ. ನಾವು ಮನೆಯ ಹಾಲನ್ನು ಕಲ್ಲಿನ ಕೋಣೆಯನ್ನಾಗಿ ಮಾಡಿ ಅದರಲ್ಲಿ ಧಾರಾವಾಹಿ ನೋಡುತ್ತಿದ್ದೇವೆ.

ಇನ್ನು ರಿಸೀವರಿನ ಲೀಲೆ. ಅದರ ರಿಮೋಟಿನಲ್ಲಿ "ಹಾಲ್", "ಸ್ಟೇಡಿಯಂ" ಅಂತ ಬಟನ್ನುಗಳಿರುತ್ತವೆ. ಒತ್ತಿದರೆ ರಿಸೀವರ್ ತಾನೇ ಮಾರ್ದನಿ ಬೆರೆಸಿ ಕೊಡುತ್ತೆ. ಮೊದಲೇ ಎಕೋ ಹೊಡೆಯುವ ಹಾಲಿಗೆ ಇನ್ನೊಂದು ಹಾಲ್! ದೊಡ್ಡಮ್ಮನ ಮಗ ಅದನ್ನೇ ಹಾಕಿಟ್ಟಿದ್ದ, "ಎಫೆಕ್ಟ್ ಚೆನ್ನಾಗಿದೆ" ಅಂತ. ನಮ್ಮೂರ ಶಿಲ್ಪಿಯ ಕತೆ, 1964ರ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಆಗಿನ ನಮ್ಮ ಚಿತ್ರಗಳ ಧ್ವನಿ ಮಾನೋ, ಒಂದೇ ಬಾಯಿಂದ ಬರುವುದು. ಅದನ್ನು ಐದು ಮೂಲೆಯಿಂದ ಊದಿಸಿದರೆ ಹಿಂದಿನ ಸ್ಪೀಕರಿಂದಲೂ ಕಲ್ಯಾಣ್ ಕುಮಾರ್ ಮಾತಾಡುತ್ತಾರೆ. ಅದು ಸಿನಿಮಾ ಅಲ್ಲ, ದೆವ್ವ ಹೊಕ್ಕ ಮನೆ.

ರಿಸೀವರಿನ ಜೊತೆ ಬರುವ ಸಣ್ಣ ಮೈಕು ಇಟ್ಟು "ಆಟೋ ಸೆಟ್ಟಿಂಗ್" ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನುವವರಿದ್ದಾರೆ. ಅದು ಸ್ಪೀಕರುಗಳ ಮಟ್ಟ, ದೂರ ಹೊಂದಿಸುತ್ತೆ, ದನಿಯ ಏರಿಳಿತವನ್ನು ಒಂದಿಷ್ಟು ತಿದ್ದುತ್ತೆ. ಗೋಡೆಯನ್ನು ಮೆತ್ತಗೆ ಮಾಡುವುದು ಯಾವ ಕಂಪನಿಯ ಮೈಕಿಗೂ ಸಾಧ್ಯವಿಲ್ಲ. ಸೂರಿಗೆ ಸದ್ದು ಚಿಮ್ಮಿಸುವ ಅಟ್ಮಾಸ್ ಸೌಂಡ್‌ಬಾರ್ ತರುವವರಿಗೊಂದು ಮಾತು: ಅದಕ್ಕೆ ಚಪ್ಪಟೆ ಸೂರು ಬೇಕು ಅಂತ ಡಾಲ್ಬಿಯವರೇ ಹೇಳುತ್ತಾರೆ. ಹೆಂಚಿನ ಇಳಿಜಾರು ಮಾಡಿನ ಕೆಳಗೆ ಅದನ್ನಿಟ್ಟರೆ ಸದ್ದು ಎತ್ತಲೋ ಹೋಗುತ್ತೆ.

ಸರಿ, ಬೈದದ್ದಾಯ್ತು, ಏನು ಮಾಡಬೇಕು? ಇದ್ದ ದುಡ್ಡಿನ ಮೂರನೇ ಒಂದು ಪಾಲು ಮೊದಲು ಬಟ್ಟೆಗೆ. ಗಾಜಿನ ಬದಿಗೆ ನೆಲದವರೆಗೆ ದಪ್ಪ ಪರದೆ, ನೆರಿಗೆ ಹೆಚ್ಚು ಬರುವಂತೆ ಒಂದಕ್ಕೆ ಎರಡು ಪಟ್ಟು ಬಟ್ಟೆ. ತೆಳು ಪಾಲಿಯೆಸ್ಟರ್ ಪರದೆ ಅಂದಕ್ಕೆ ಮಾತ್ರ. ಟಿವಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ. ಅರಸೀಕೆರೆ ಕಡೆ ತೆಂಗಿಗೆ ಬರವೇ? ನಾಲ್ಕಿಂಚಿನ ನಾರಿನ ಹಾಸಿಗೆಯನ್ನು ಬಟ್ಟೆ ಹೊದಿಸಿ, ಎರಡಿಂಚು ಜಾಗ ಬಿಟ್ಟು ಸೋಫಾದ ಹಿಂದಿನ ಗೋಡೆಗೆ ನಿಲ್ಲಿಸಿ. ಮೊಟ್ಟೆಯ ಟ್ರೇ ಅಂಟಿಸುವ ಸಲಹೆ ಕೇಳಬೇಡಿ, ಅದರಿಂದ ಉಪಯೋಗವಿಲ್ಲ, ಜಿರಲೆ ಬರುತ್ತೆ. ಇಷ್ಟು ಮಾಡಿದರೆ ನನ್ನ ಲೆಕ್ಕದಲ್ಲಿ ಮಾರ್ದನಿ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತೆ. ಆಮೇಲೆ ಸೋಫಾವನ್ನು ಗೋಡೆಯಿಂದ ಬಿಡಿಸಿ ಟಿವಿಗೆ ಹತ್ತಡಿಗೆ ಎಳೆಯಿರಿ. ಹಾಲು ದೊಡ್ಡದಿದೆ ಅಂತ ದೂರ ಕೂರಬೇಕು ಅನ್ನುವ ಕಾನೂನಿಲ್ಲ.

ಉಳಿದ ದುಡ್ಡಿಗೆ ಮೂರೇ ಸ್ಪೀಕರ್. ಎಡ, ಬಲ, ನಡುವೆ ಒಂದು. ಆ ನಡುವಿನದ್ದೇ ಯಜಮಾನ, ಸಿನಿಮಾದ ಮಾತೆಲ್ಲ ಬಹುಪಾಲು ಅದರಿಂದಲೇ. ಅದರಲ್ಲಿ ಜಿಪುಣತನ ಬೇಡ, ಕೂತವರ ಕಿವಿಯ ಕಡೆ ಮುಖ ಮಾಡಿ ಇಡಿ, ಟಿವಿ ಕೆಳಗಿನ ಕಪಾಟಿನೊಳಗೆ ತುರುಕಬೇಡಿ. ಕೋನಿನ ಸುತ್ತಂಚು ಫೋಮಿನದ್ದಾದರೆ ಬೇಡ, ನಮ್ಮ ಕಡೆಯ ತೇವಕ್ಕೆ ಬೇಗ ಪುಡಿಯಾಗುತ್ತೆ, ರಬ್ಬರಿನದ್ದು ಕೇಳಿ. ರಿಸೀವರ್ ಸಾಧಾರಣ ಐದು ಚಾನೆಲಿನದ್ದು ಸಾಕು, ಚಾನೆಲಿಗೆ ನಿಜವಾದ 50-60 ವ್ಯಾಟು ಇದ್ದರೆ ಆಯ್ತು. ನಡುವಿನ ಸ್ಪೀಕರನ್ನು ಮೂರು ಡೆಸಿಬೆಲ್ ಏರಿಸಿ, "ನೈಟ್ ಮೋಡ್" ಹಾಕಿ. ಹಿಂದಿನ ಎರಡು ಸ್ಪೀಕರು, ಸಬ್‌ವೂಫರು ಮುಂದಿನ ವರ್ಷದ ಕಾಫಿ ದುಡ್ಡಿಗೆ. ಆಗಲೂ ಬೇಕನ್ನಿಸಿದರೆ.

ಅಂಗಡಿಗೆ ಹೋದಾಗ ಹುಡುಗ ರಾಕೆಟ್ ಹಾರುವ ದೃಶ್ಯ ಹಾಕಲು ಓಡಿಬರುತ್ತಾನೆ. ಬೇಡಪ್ಪ ಅನ್ನಿ. ಐದು ನಿಮಿಷದ ಕನ್ನಡ ವಾರ್ತೆ ಹಾಕಿಸಿ, ಕಣ್ಣು ಮುಚ್ಚಿ, ವಾಲ್ಯೂಮ್ ಕಡಿಮೆ ಮಾಡುತ್ತಾ ಹೋಗಿ. ಯಾವ ಸ್ಪೀಕರಿನಲ್ಲಿ ತೀರಾ ಸಣ್ಣ ದನಿಯಲ್ಲೂ "ಬಂದಿದ್ದಾರೆ", "ಬಂದಿದ್ದಾಳೆ" ಬೇರೆ ಬೇರೆಯಾಗಿ ಕೇಳುತ್ತೋ ಅದನ್ನು ಕಟ್ಟಿಸಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಹಾಲಿನಲ್ಲಿ ಹೆಚ್ಚು ಹೊತ್ತು ಕೂರುವುದು ಅವರು ತಾನೆ?

ಅನುಮಾನ ಇದ್ದವರು ಕಾಮೆಂಟಿನಲ್ಲಿ ಹಾಲಿನ ಉದ್ದ, ಅಗಲ, ಎತ್ತರ, ನೆಲ ಯಾವುದು, ಪರದೆ ಎಷ್ಟು ಅಂತ ಬರೆಯಿರಿ, ಕೂತು ಲೆಕ್ಕ ಹಾಕಿಕೊಡುತ್ತೇನೆ. "ಎಷ್ಟು ವ್ಯಾಟು ಸಾರ್?" ಅಂತ ಬರೆದವರಿಗೆ ಉತ್ತರ ಇಲ್ಲ :)